ಟೈಲ್ಸ್ ಮನೆಗೆ ಬಂದ ಮುಧೋಳ ನಾಯಿ

ಮಾನ್ಯ ಸಂಪಾದಕರೇ,

ಮುಧೋಳ ನಾಯಿ ಎಂದರೆ ಪತ್ರಿಕೆಗಳಲ್ಲಿ ಬರುವುದೆಲ್ಲ ಅದರ ಓಟ, ಸೇನೆಯ ಕೆಲಸ, ಮುಧೋಳವನ್ನಾಳಿದ ಘೋರ್ಪಡೆ ರಾಜರ ಕಾಲದ ಕಥೆ. 2005ರಲ್ಲಿ ಅಂಚೆ ಚೀಟಿ ಬಂತು. 2020ರಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಹೆಸರು ಹೇಳಿದರು. ಈಗ ನಮ್ಮ ಧಾರವಾಡದ ಬಡಾವಣೆಗಳಲ್ಲೂ ಈ ನಾಯಿ ಕಾಣುತ್ತಿದೆ. ಸಂತೋಷ. ಆದರೆ ಸಾಕಿದವರನ್ನು ಕೇಳಿದರೆ ಒಂದೇ ಮಾತು: ‘ಸಣ್ಣ ಕೂದಲು ರೀ, ಇದಕ್ಕೇನೂ ಮಾಡೋದು ಬೇಡ.’ ಆ ಮಾತಿಗೇ ಈ ಪತ್ರ.

ನಾನು ನಿವೃತ್ತ ಬಸ್ ಕಂಡಕ್ಟರ್. ಮನೆಯಲ್ಲಿ ಗೌರಿ ಎಂಬ ಕಂದು ಬಣ್ಣದ ಮುಧೋಳ ನಾಯಿ ಇದೆ. ಹೊಲದಲ್ಲಿರುವ ನಾಯಿಗೆ ಅಷ್ಟೇನೂ ಮಾಡಬೇಕಿಲ್ಲ, ನಿಜ. ಕಲ್ಲು ಮಣ್ಣಿನ ಮೇಲೆ ಓಡಿ ಉಗುರು ತಾನೇ ಸವೆಯುತ್ತದೆ. ಮಲಗಲು ಮೆತ್ತನೆಯ ಮಣ್ಣು ಕೆದರಿಕೊಳ್ಳುತ್ತದೆ. ಟೈಲ್ಸ್ ಹಾಕಿದ ಮನೆಯಲ್ಲಿ ಇವೆರಡೂ ಇಲ್ಲ. ಹೊಲ ಮಾಡುತ್ತಿದ್ದ ಕೆಲಸ ನಮ್ಮ ಕೈಗೆ ಬಂತು, ಅಷ್ಟೇ.

ನಾಯಿ ಓಡಾಡುವಾಗ ನೆಲದ ಮೇಲೆ ಟಕಟಕ ಸದ್ದು ಬರುತ್ತಿದ್ದರೆ ಉಗುರು ಬೆಳೆದಿದೆ ಎಂದರ್ಥ. ಮುಂಗಾಲಿನ ಒಳಬದಿಯಲ್ಲಿ ಮೇಲಕ್ಕೊಂದು ಉಗುರು ಇರುತ್ತದಲ್ಲ, ಅದನ್ನು ಯಾರೂ ನೋಡುವುದೇ ಇಲ್ಲ. ಅದು ನೆಲಕ್ಕೆ ತಾಗುವುದಿಲ್ಲ, ಹಾಗಾಗಿ ಸವೆಯುವುದೂ ಕಡಿಮೆ. ಬೆಳೆದು ಬೆಳೆದು ಸುರುಳಿ ಸುತ್ತಿ ಚರ್ಮದೊಳಗೇ ಚುಚ್ಚಿಕೊಳ್ಳುತ್ತದೆ. ನಮ್ಮ ಓಣಿಯ ಒಂದು ನಾಯಿ ಕುಂಟುತ್ತಿತ್ತು. ಮನೆಯವರು ಮುಳ್ಳು ತುಳಿದಿದೆ ಎಂದು ಪಾದ ಹುಡುಕುತ್ತಿದ್ದರು. ಮುಳ್ಳು ಇದೇ ಉಗುರು! ಬಿಳಿ ಉಗುರಾದರೆ ಒಳಗಿನ ಗುಲಾಬಿ ನರ ಹೊರಗಿನಿಂದಲೇ ಕಾಣುತ್ತದೆ, ಅದಕ್ಕೆ ತಾಗದಂತೆ ತುದಿಯನ್ನಷ್ಟೇ ಕತ್ತರಿಸಬೇಕು. ಕಪ್ಪು ಉಗುರಾದರೆ ಚೂರು ಚೂರೇ ಕತ್ತರಿಸುತ್ತಾ ತುದಿ ನೋಡಬೇಕು. ನಡುವೆ ಬೇರೆ ಬಣ್ಣದ ಚುಕ್ಕೆ ಕಂಡಿತೋ, ನಿಲ್ಲಿಸಿಬಿಡಿ. ರಕ್ತ ಬಂದರೆ ಕಾರ್ನ್‌ಫ್ಲೋರ್ ಹಚ್ಚಿ ಒತ್ತಿ ಹಿಡಿಯಿರಿ, ನಿಲ್ಲುತ್ತದೆ.

ಸಣ್ಣ ಕೂದಲು ಉದುರುವುದಿಲ್ಲ ಎನ್ನುವವರು ನನ್ನ ಬಿಳಿ ಧೋತರ ನೋಡಬೇಕು. ಸೂಜಿಯ ಹಾಗೆ ಚುಚ್ಚಿ ಕೂತಿರುತ್ತದೆ, ಜಾಡಿಸಿದರೂ ಬೀಳದು. ಇದಕ್ಕೆ ತಂತಿಯ ಬ್ರಷ್ ಬೇಡ. ಮುಧೋಳ ನಾಯಿಯ ಚರ್ಮ ತೆಳು, ಕೆಳಗೆ ಕೊಬ್ಬೂ ಕಡಿಮೆ, ಗೀರು ಬೀಳುತ್ತದೆ. ರಬ್ಬರ್ ಹಲ್ಲಿನ ಬ್ರಷ್ ಅಥವಾ ಕೈಗವಸು ಸಾಕು. ಕತ್ತಿನಿಂದ ಬಾಲದ ಕಡೆಗೆ ನಿಧಾನವಾಗಿ ತಿಕ್ಕಬೇಕು, ಕೊನೆಗೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಗಟ್ಟಿ ನೆಲದ ಮೇಲೆ ಮಲಗಿ ಮಲಗಿ ಮೊಣಕೈ ಬೋಳಾಗಿ ದಡ್ಡುಗಟ್ಟುತ್ತದೆ. ದಪ್ಪ ಗೋಣಿತಾಟು ಹಾಸಿಕೊಡಿ.

ಸ್ನಾನದ ವಿಷಯ ಹೇಳಿದರೆ ಜನ ನಗುತ್ತಾರೆ. ಪ್ರತಿ ಭಾನುವಾರ ನಾಯಿಗೆ ಬಟ್ಟೆ ಸೋಪು ತಿಕ್ಕುವುದು ನಮ್ಮಲ್ಲಿ ಸ್ವಚ್ಛತೆಯ ಲಕ್ಷಣ! ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ನಾಯಿಯದು ಹಾಗಲ್ಲ. ಆದ್ದರಿಂದ ನಮ್ಮ ಶಾಂಪೂ ಅದಕ್ಕೆ ಹೊಂದುವುದಿಲ್ಲ, ಬಟ್ಟೆ ಸೋಪಂತೂ ಬೇಡವೇ ಬೇಡ. ಚರ್ಮದ ಎಣ್ಣೆ ಹೋಗಿ ಹೊಟ್ಟು ಏಳುತ್ತದೆ, ಕೆರೆತ ಶುರುವಾಗುತ್ತದೆ. ಆಗ ‘ಗಲೀಜಾಗಿದೆ’ ಎಂದು ಮತ್ತೊಂದು ಸ್ನಾನ. ಕೆಸರಲ್ಲಿ ಹೊರಳದಿದ್ದರೆ ತಿಂಗಳಿಗೊಮ್ಮೆ ನಾಯಿ ಶಾಂಪೂ ಹಾಕಿದರೆ ಧಾರಾಳ. ಕಿವಿಯೊಳಗೆ ನೀರು ಬಿಡಬಾರದು.

ಇನ್ನು ಉಣ್ಣಿ. ನಾನು ಪತ್ರ ಬರೆಯಲು ಮುಖ್ಯ ಕಾರಣವೇ ಇದು. ಉಣ್ಣಿಗೆಂದು ನಾಯಿಯ ಮೈಗೆ ಫಿನಾಯಿಲ್ ಸುರಿಯುವವರನ್ನು ನೋಡಿದ್ದೇನೆ, ಸೀಮೆಎಣ್ಣೆ ಒರೆಸುವವರನ್ನು ನೋಡಿದ್ದೇನೆ. ಹತ್ತಿಗೆ ಹೊಡೆಯುವ ಔಷಧಿಯನ್ನೇ ಹಚ್ಚಿದವರೂ ಇದ್ದಾರೆ. ನಾಯಿ ಮೈ ನೆಕ್ಕುತ್ತದೆ. ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಉಣ್ಣಿಗಿಂತ ಮೊದಲು ನಾಯಿಯೇ ಸಾಯಬಹುದು. ಸಣ್ಣ ಕೂದಲಿನ ನಾಯಿಯ ದೊಡ್ಡ ಅನುಕೂಲವೆಂದರೆ ಬೆರಳಿಗೇ ಉಣ್ಣಿ ಸಿಗುತ್ತದೆ. ಕಿವಿಯ ಒಳಮಡಿಕೆ, ಬೆರಳ ಸಂದು, ಕೊರಳಪಟ್ಟಿಯ ಕೆಳಗೆ, ಬಾಲದ ಬುಡದಲ್ಲಿ ಹುಡುಕಿ. ಚಿಕ್ಕ ಚಿಮಟಿಗೆಯಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಉಗುರಲ್ಲಿ ಒಡೆಯಬೇಡಿ, ಸ್ಪಿರಿಟ್‌ಗೆ ಹಾಕಿ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ಉದುರಿ ಗೋಡೆಯ ಬಿರುಕು ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ಬಿರುಕು ಮುಚ್ಚದೆ ಬರೀ ನಾಯಿಗೆ ಔಷಧಿ ಹಾಕಿದರೆ ಸಾಲದು. ನಾಯಿ ಊಟ ಬಿಟ್ಟು, ಜ್ವರ ಬಂದು, ವಸಡು ಬೆಳ್ಳಗಾದರೆ ಉಣ್ಣಿ ಜ್ವರ ಇರಬಹುದು. ಆಗ ಮನೆಮದ್ದು ಬೇಡ, ಡಾಕ್ಟರ ಹತ್ತಿರ ಹೋಗಿ.

ಪೇಟೆಯ ಗ್ರೂಮಿಂಗ್ ಅಂಗಡಿಗೆ ಕಳಿಸಿದರಾಯಿತು ಅಲ್ವಾ ಎನ್ನಬಹುದು. ಮುಧೋಳ ನಾಯಿಗೆ ಅಪರಿಚಿತರು ಮೈಮುಟ್ಟುವುದು ಸೇರುವುದಿಲ್ಲ. ಅಲ್ಲದೆ ಒಂದು ಅಂಗಡಿಯಲ್ಲಿ ಬೇಸಿಗೆ ಎಂದು ಲ್ಯಾಬ್ರಡಾರ್ ನಾಯಿಗೆ ಮಷಿನ್ ಹಾಕಿ ಸುಮ್ನೆ ಬೋಳಿಸಿದ್ದನ್ನು ಕಂಡಿದ್ದೇನೆ. ಬಿಸಿಲಿಂದ ಚರ್ಮ ಕಾಯುವುದೇ ಆ ಕೂದಲು!

ಪಶುಸಂಗೋಪನಾ ಇಲಾಖೆಗೆ ನನ್ನ ಕೋರಿಕೆ ಇಷ್ಟೇ. ಸೆಪ್ಟೆಂಬರ್ 28ರ ರೇಬೀಸ್ ದಿನದ ಸುಮಾರಿಗೆ ಲಸಿಕೆ ಶಿಬಿರ ನಡೆಯುತ್ತದೆ. ಜನ ನಾಯಿ ಹಿಡಿದು ಸಾಲಲ್ಲಿ ನಿಂತಿರುತ್ತಾರೆ. ಅಲ್ಲೇ ಒಂದು ಮೇಜು ಹಾಕಿ ಉಗುರು ಕತ್ತರಿಸುವುದು, ಉಣ್ಣಿ ತೆಗೆಯುವುದು ಹೇಗೆಂದು ಮಾಡಿ ತೋರಿಸಲಿ. ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದವರು ಚಿತ್ರ ಹಾಕಿ ಕನ್ನಡದಲ್ಲಿ ಒಂದು ಹಾಳೆ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು. ನಾಯಿ ಹಿಡಿಯಲು ಜನ ಕಡಿಮೆ ಬಿದ್ದರೆ ನಾನು ಬರುತ್ತೇನೆ. ಗೌರಿಯನ್ನು ಮಾತ್ರ ತರುವುದಿಲ್ಲ, ಅವಳಿಗೆ ಗದ್ದಲ ಆಗುವುದಿಲ್ಲ.

– ನಿವೃತ್ತ ಬಸ್ ಕಂಡಕ್ಟರ್, ಧಾರವಾಡ