ಗೆಳೆಯನಿಗೊಂದು ಪತ್ರ: ಕುಂಬಳದ ನೀರು ಇಳಿಯುವ ತನಕ

ಪ್ರೀತಿಯ ಗೆಳೆಯ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಶಿಲಾಯುಗದವರಂತೆ ಧಾನ್ಯ, ಬೇಳೆಕಾಳು, ಹಾಲು, ಸಕ್ಕರೆ ಬಿಟ್ಟು ಉಣ್ಣುವ ಪ್ಯಾಲಿಯೊ ಪಥ್ಯ ಹಿಡಿದು ಆರು ವಾರವಾಯಿತು, ಧಾನ್ಯವಿಲ್ಲದ ಊಟಕ್ಕೆ ಹೊಟ್ಟೆ ಒಗ್ಗಿಕೊಂಡಿತು, ಆದರೆ ರಾತ್ರಿ ತಟ್ಟೆ ತೊಳೆದಿಟ್ಟ ಮೇಲೆ ನಾಲಿಗೆ ಸಿಹಿಗಾಗಿ ಹಟ ಹಿಡಿಯುತ್ತದೆ ಎಂದು ಬರೆದಿದ್ದೀಯ. ಅದರ ಕೆಳಗೆ, ‘ಇನ್ನೊಂದು ವಾರ ನೋಡುತ್ತೇನೆ, ಆಗದಿದ್ದರೆ ಬಿಟ್ಟುಬಿಡುತ್ತೇನೆ’ ಎಂಬ ಸಾಲು. ಆ ಸಾಲು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಪಥ್ಯವನ್ನು ಮುಂದುವರಿಸುವುದೋ ಬಿಡುವುದೋ ನಿನಗೆ ಸೇರಿದ್ದು. ಆದರೆ ಒಂದು ತುಣುಕು ಸಿಹಿ ಸಿಗಲಿಲ್ಲವೆಂಬ ಕಾರಣಕ್ಕೆ ಬಿಡುವುದು ಬೇಡ. ಅಷ್ಟನ್ನು ನಾನು ಒದಗಿಸಬಲ್ಲೆ.

ಸಿಹಿಗುಂಬಳದ ಉಂಡೆ ಮಾಡಿದ್ದೇನೆ. ಸಕ್ಕರೆ, ಹಾಲು, ಧಾನ್ಯದ ಹಿಟ್ಟು ಯಾವುದೂ ಇದರಲ್ಲಿಲ್ಲ. ನಿನ್ನ ಅಡುಗೆಮನೆಯಲ್ಲಿ ಓವನ್ ಇಲ್ಲ ಎನ್ನುವುದು ನೆನಪಿತ್ತು, ಅದಕ್ಕೇ ಬೇಕ್ ಮಾಡದೆ ಆಗುವ ತಿನಿಸನ್ನು ಆರಿಸಿದೆ. ಓವನ್ ಬೇಡ ಎಂದರೆ ಒಲೆಯೇ ಬೇಡ ಎಂದಲ್ಲ, ಕುಂಬಳವನ್ನು ಬೇಯಿಸಲೇಬೇಕು. ಅದೊಂದು ಮುಗಿದರೆ ಉಳಿದದ್ದನ್ನೆಲ್ಲ ಕೈ ಮತ್ತು ಫ್ರಿಜ್ ನೋಡಿಕೊಳ್ಳುತ್ತವೆ.

ಮೂರನೆಯ ಸಲಕ್ಕೆ ಇದು ನನಗೆ ಒಲಿಯಿತು. ಮೊದಲ ಸಲ ಕುಂಬಳವನ್ನು ನೀರಿನಲ್ಲಿ ಬೇಯಿಸಿ, ಹಿಸುಕಿ, ಹಾಗೆಯೇ ಕಲಸಿದೆ. ಮಿಶ್ರಣ ಅಂಗೈಯಲ್ಲಿ ನಿಲ್ಲದೆ ಬೆರಳ ಸಂದಿಯಿಂದ ಇಳಿಯಿತು. ಎರಡನೆಯ ಸಲ ಅದನ್ನು ಸರಿಪಡಿಸಲು ಬಾದಾಮಿ ಪುಡಿಯನ್ನು ಸುರಿಯುತ್ತಾ ಹೋದೆ. ಉಂಡೆ ಚೆನ್ನಾಗಿಯೇ ಕಟ್ಟಿತು. ಆದರೆ ಕಣ್ಣು ಮುಚ್ಚಿ ತಿಂದರೆ ಅದರಲ್ಲಿ ಕುಂಬಳವಿದೆ ಎಂದು ಹೇಳುವಂತಿರಲಿಲ್ಲ. ಆಗ ಹೊಳೆಯಿತು: ಕೊರತೆ ಇದ್ದದ್ದು ಪುಡಿಯದಲ್ಲ, ಹೆಚ್ಚಾಗಿದ್ದದ್ದು ನೀರು. ಹಸಿ ಸಿಹಿಗುಂಬಳದ ನೂರು ಗ್ರಾಂ ತೂಕದಲ್ಲಿ ಸುಮಾರು 92 ಗ್ರಾಂ ಬರೀ ನೀರೇ. ಅದರ ಸಿಹಿ, ಬಣ್ಣ, ಪರಿಮಳ, ನಾರು ಎಲ್ಲವೂ ಉಳಿದ ಎಂಟು ಗ್ರಾಂನಲ್ಲಿ ಅಡಗಿವೆ. ನೀರನ್ನು ಇಳಿಸದೆ ಮೇಲಿಂದ ಏನನ್ನು ಸೇರಿಸಿದರೂ ಕುಂಬಳ ಇನ್ನಷ್ಟು ತೆಳುವಾಗುತ್ತದೆ. ನೀರನ್ನು ಇಳಿಸಿದರೆ ಅದೇ ಕಾಯಿ ತಾನಾಗಿ ಸಿಹಿಯಾಗುತ್ತದೆ. ಈ ಪತ್ರದಲ್ಲಿ ನಾನು ನಿನಗೆ ಹೇಳಬೇಕಾದ್ದು ಮುಖ್ಯವಾಗಿ ಇದೇ. ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೆ ತೊಂದರೆಯಿಲ್ಲ, ನೀರಿನ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡ.

ಸಿಪ್ಪೆ, ಬೀಜ ಸೇರಿ ಅರ್ಧ ಕಿಲೋ ತೂಗುವ ಹೋಳನ್ನು ತೆಗೆದುಕೊ. ತಿರುಳು ಕಿತ್ತಳೆ ಬಣ್ಣಕ್ಕೆ ತಿರುಗಿರಬೇಕು, ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿರಬೇಕು. ಬೀಜ ತೆಗೆದು, ಸಿಪ್ಪೆ ಹೆರೆದು, ದೊಡ್ಡ ತುಂಡುಗಳಾಗಿ ಹೆಚ್ಚಿ ಹಬೆಯಲ್ಲಿ ಬೇಯಿಸು. ನೀರಿನೊಳಗೆ ಮುಳುಗಿಸಬೇಡ; ಇರುವ ನೀರನ್ನು ಕಳೆಯುವುದೇ ಕಷ್ಟವಾಗಿರುವಾಗ ಹೊಸ ನೀರನ್ನು ಕುಡಿಸುವುದೇಕೆ? ಹದಿನೈದರಿಂದ ಇಪ್ಪತ್ತು ನಿಮಿಷದಲ್ಲಿ ಚಾಕುವಿನ ತುದಿ ತಡೆಯಿಲ್ಲದೆ ಇಳಿಯುತ್ತದೆ. ಹಿಸುಕಿ, ತೆಳುವಾದ ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲೆ ಅರ್ಧ ಗಂಟೆ ಬಿಡು. ಕೆಳಗಿಟ್ಟ ಪಾತ್ರೆಯಲ್ಲಿ ಹಳದಿ ನೀರು ತುಂಬುವುದನ್ನು ನೋಡಿದಾಗ ನನ್ನ ಮಾತನ್ನು ನಂಬುತ್ತೀಯ. ಅದನ್ನು ಚೆಲ್ಲಬೇಡ, ಸಾರಿಗೋ ಸೂಪಿಗೋ ಆಗುತ್ತದೆ.

ಆಮೇಲೆ ಅಗಲ ಬಾಯಿಯ ಬಾಣಲೆ. ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ, ಕೈಬಿಡದೆ ಕೆದಕುತ್ತಿರು. ಮೊದಲು ಗುಳ್ಳೆ ಎದ್ದು ಸಿಡಿಯುತ್ತದೆ, ಎಚ್ಚರ. ನಂತರ ಆವಿ ಕಡಿಮೆಯಾಗುತ್ತದೆ, ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಸೌಟಿನಿಂದ ನಡುವೆ ಗೆರೆ ಎಳೆದರೆ ಗೆರೆ ಮುಚ್ಚಿಕೊಳ್ಳದೆ ಹಾಗೆಯೇ ನಿಲ್ಲಬೇಕು. ಮುದ್ದೆ ಬಾಣಲೆಯ ಅಂಚು ಬಿಟ್ಟು ಸೌಟಿನ ಜೊತೆ ತಿರುಗಬೇಕು. ನನಗೆ ಇದಕ್ಕೆ ಹತ್ತು ಹನ್ನೆರಡು ನಿಮಿಷ ಹಿಡಿಯಿತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಈ ಹತ್ತು ನಿಮಿಷ. ಬೇಯುವ ತರಕಾರಿಯ ವಾಸನೆ ಹೋಗಿ, ಹಣ್ಣಿನದೆನ್ನಬಹುದಾದ ಒಂದು ಪರಿಮಳ ನಿಧಾನಕ್ಕೆ ಏಳುತ್ತದೆ. ಒಂದು ಚಮಚ ತೆಗೆದು ಆರಿಸಿ ಬಾಯಿಗೆ ಹಾಕಿಕೊ. ಇನ್ನೂ ಏನನ್ನೂ ಸೇರಿಸಿಲ್ಲ, ಆದರೂ ಅದು ಸಿಹಿ. ಕೊನೆಗೆ ಉಳಿಯುವುದು ಸುಮಾರು 200 ಗ್ರಾಂ. ಪೂರ್ತಿ ತಣ್ಣಗಾಗಲು ಬಿಡು. ಡಬ್ಬಿಯ ಕುಂಬಳದ ತಿರುಳು ಬಳಸುವುದಾದರೆ ಡಬ್ಬಿಯ ಹಿಂಬದಿಯನ್ನು ಓದು: ಕುಂಬಳ ಬಿಟ್ಟು ಬೇರೇನೂ ಬರೆದಿರಬಾರದು. ಪೈ ಮಾಡಲೆಂದೇ ಸಿದ್ಧಪಡಿಸಿದ ಡಬ್ಬಿಯಲ್ಲಿ ಸಕ್ಕರೆ ಮೊದಲೇ ಸೇರಿರುತ್ತದೆ. ಡಬ್ಬಿಯದ್ದಾದರೂ ಬಾಣಲೆಯ ಕೆಲಸ ತಪ್ಪುವುದಿಲ್ಲ.

ಉಳಿದದ್ದು ಸುಲಭ. ಬೀಜ ತೆಗೆದ ಮೆತ್ತನೆಯ ಖರ್ಜೂರ 100 ಗ್ರಾಂ. ಒಣಗಿದ್ದರೆ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ಹಿಂಡಿ ತೆಗೆ. ಇಲ್ಲಿಯೂ ಅದೇ ನೀರಿನ ಮಾತು. ಬಾದಾಮಿ ಪುಡಿ 100 ಗ್ರಾಂ. ಮನೆಯಲ್ಲೇ ಪುಡಿ ಮಾಡುವುದಾದರೆ ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸು, ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಣಕೊಬ್ಬರಿ ತುರಿ 50 ಗ್ರಾಂ. ಕರಗಿಸಿದ ತೆಂಗಿನೆಣ್ಣೆ ಎರಡು ದೊಡ್ಡ ಚಮಚ. ಚಕ್ಕೆ ಪುಡಿ ಒಂದು ಟೀ ಚಮಚ, ಒಣಶುಂಠಿ ಪುಡಿ ಅರ್ಧ ಚಮಚ, ಲವಂಗ ಮತ್ತು ಜಾಯಿಕಾಯಿ ಒಂದೊಂದು ಚಿಟಿಕೆ. ಉಪ್ಪು ಒಂದು ಚಿಟಿಕೆ. ಉಪ್ಪನ್ನು ಬಿಡಬೇಡ, ಅದಿಲ್ಲದಿದ್ದರೆ ಸಿಹಿ ಸಪ್ಪೆಯೆನಿಸುತ್ತದೆ. ಬಾದಾಮಿಯ ಬದಲು ಕಡಲೆಕಾಯಿ ಹಾಕಬಹುದೇ ಎಂದು ನೀನು ಕೇಳುತ್ತೀಯ, ಗೊತ್ತು. ಬೇಡ. ಕಡಲೆಕಾಯಿ ದ್ವಿದಳ ಧಾನ್ಯಗಳ ಕುಟುಂಬದ್ದು, ನಿನ್ನ ಪಥ್ಯಕ್ಕೆ ಹೊರಗಿನದು. ಜೇನುತುಪ್ಪವನ್ನು ಈ ಪಥ್ಯ ಹಿಡಿದವರಲ್ಲಿ ಅನೇಕರು ಮಿತವಾಗಿ ಒಪ್ಪುತ್ತಾರೆ. ಆದರೆ ಅದು ದ್ರವ, ಕಷ್ಟಪಟ್ಟು ಕೂಡಿಸಿದ ಹದವನ್ನು ಮತ್ತೆ ಸಡಿಲಿಸುತ್ತದೆ. ನಾನು ಖರ್ಜೂರವನ್ನೇ ನೆಚ್ಚಿಕೊಂಡೆ.

ಖರ್ಜೂರವನ್ನು ಅರೆದು, ಕುಂಬಳದ ಮುದ್ದೆ ಸೇರಿಸಿ ಇನ್ನೊಂದು ಸುತ್ತು ತಿರುಗಿಸಿ, ಉಳಿದದ್ದನ್ನೆಲ್ಲ ಕೈಯಲ್ಲಿ ಕಲಸು. ಕಲಸಿದ ತಕ್ಷಣ ಉಂಡೆ ಕಟ್ಟಲು ಕೂರಬೇಡ. ಮುಚ್ಚಿ ಅರ್ಧ ಗಂಟೆ ಫ್ರಿಜ್‌ನಲ್ಲಿಡು. ಉಳಿದ ಚೂರುಪಾರು ತೇವವನ್ನು ಕೊಬ್ಬರಿ ಆ ಹೊತ್ತಿನಲ್ಲಿ ಹೀರಿಕೊಳ್ಳುತ್ತದೆ, ತೆಂಗಿನೆಣ್ಣೆ ಬಿಗಿಯಾಗುತ್ತದೆ. ಆಮೇಲೆ 25 ಗ್ರಾಂ ಅಂದಾಜಿನಲ್ಲಿ ಕಟ್ಟಿದರೆ ಹತ್ತೊಂಬತ್ತು ಇಪ್ಪತ್ತು ಉಂಡೆಗಳಾಗುತ್ತವೆ. ಇನ್ನೆರಡು ಗಂಟೆ ತಣ್ಣಗೆ ಕೂತರೆ ಕಚ್ಚಿದಾಗ ಅಚ್ಚು ಮೂಡುವಷ್ಟು ಗಟ್ಟಿ.

ರುಚಿ ನೋಡುವಾಗ ಒಂದು ಮಾತು. ತಣ್ಣಗಿನ ತಿನಿಸಿನಲ್ಲಿ ಸಿಹಿಯೂ ಮಸಾಲೆಯೂ ನಾಲಿಗೆಗೆ ಮಂದವಾಗಿ ತಿಳಿಯುತ್ತವೆ. ಕಲಸುವಾಗ ಚಕ್ಕೆ ತುಸು ಮುಂದಾಯಿತು ಅನ್ನಿಸಿದರೆ ಹೆದರಬೇಡ, ಫ್ರಿಜ್‌ನಿಂದ ಹೊರಬರುವಾಗ ಸರಿಹೋಗಿರುತ್ತದೆ. ತೆಂಗಿನೆಣ್ಣೆ ಕರಗುವುದು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಹಾಗಾಗಿ ಬೆಚ್ಚಗಿನ ಕೋಣೆಯಲ್ಲಿ ಹೊರಗಿಟ್ಟರೆ ಉಂಡೆ ಮೆತ್ತಗಾಗುತ್ತದೆ. ಬ್ಯಾಗಿನಲ್ಲಿಟ್ಟು ಕಚೇರಿಗೆ ಒಯ್ಯುವಂಥದ್ದಲ್ಲ. ಬೆಂದ ಕುಂಬಳದಲ್ಲಿ ಹುಳಿಯಿಲ್ಲ, ಸಕ್ಕರೆಯ ಕಾವಲೂ ಇಲ್ಲ, ಬೇಗ ಕೆಡುತ್ತದೆ. ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡ. ಫ್ರಿಜ್‌ನಲ್ಲಿ ನಾಲ್ಕು ದಿನ ಇಡಬಹುದು. ಹೆಚ್ಚು ಮಾಡಿದರೆ ಫ್ರೀಜರ್‌ಗೆ ಹಾಕಿ, ಬೇಕಾದಾಗ ಒಂದೊಂದನ್ನೇ ಹೊರತೆಗೆ.

ಇನ್ನು, ಕುಂಬಳವನ್ನು ಶಿಲಾಯುಗದವರು ತಿನ್ನುತ್ತಿದ್ದರೇ ಎಂದು ನೀನು ಕೇಳಿದ್ದೆಯಲ್ಲ, ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಿನ್ನ ಪಥ್ಯಕ್ಕೆ ವೈದ್ಯ ವಲಯದಲ್ಲಿ ಗಮನ ಸಿಕ್ಕಿದ್ದು 1985ರಲ್ಲಿ, ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಬರೆದ ಲೇಖನದಿಂದ. ಕೃಷಿಗಿಂತ ಮೊದಲಿನ ಮನುಷ್ಯನ ಊಟಕ್ಕೆ ನಮ್ಮ ದೇಹ ಹೊಂದಿಕೊಂಡಿದೆ ಎಂಬುದು ಅದರ ವಾದದ ತಿರುಳು. ಕುಂಬಳದ ಕಥೆ ಕೃಷಿ ಶುರುವಾದ ಆ ಗಡಿಯ ಮೇಲೆಯೇ ನಿಂತಿದೆ. ಮೆಕ್ಸಿಕೋದ ಓಹಾಕಾದಲ್ಲಿರುವ ಗುಯಿಲಾ ನಕಿಟ್ಜ್ ಎಂಬ ಗುಹೆಯಲ್ಲಿ ಸಿಕ್ಕ, ಮನುಷ್ಯ ಬೆಳೆಸಿದ ಕುಂಬಳದ ಬೀಜಗಳಿಗೆ ಸುಮಾರು 10,000 ವರ್ಷ ವಯಸ್ಸು. ಅಮೆರಿಕ ಖಂಡದ ಅತಿ ಹಳೆಯ ಬೆಳೆಗಳಲ್ಲಿ ಅದೂ ಒಂದು. ಅದಕ್ಕೂ ಮೊದಲಿನ ಕಾಡು ಕುಂಬಳ ಪುಟ್ಟದು, ಗಟ್ಟಿ ತೊಗಟೆಯದು, ಬಾಯಿಗಿಡಲಾಗದಷ್ಟು ಕಹಿ. ಆನೆಗಳ ದೂರದ ಸಂಬಂಧಿಗಳಾದ ಮಾಸ್ಟಡಾನ್‌ಗಳು ಅವನ್ನು ತಿಂದು ಬೀಜ ಹರಡುತ್ತಿದ್ದವು. ಅವುಗಳ ಪಳೆಯುಳಿಕೆಯ ಲದ್ದಿಯಲ್ಲಿ ಆ ಬೀಜಗಳು ಸಿಕ್ಕಿವೆ. ಮನುಷ್ಯರು ಮೊದಲಿಗೆ ಹಿಡಿದದ್ದು ಬಹುಶಃ ಬೀಜವನ್ನು, ತಿರುಳನ್ನಲ್ಲ. ಕಹಿ ಕಡಿಮೆಯಿದ್ದ ಕಾಯಿಯ ಬೀಜವನ್ನು ಆರಿಸಿ ಆರಿಸಿ ಬಿತ್ತಿದ್ದರಿಂದ ಇಂದಿನ ಸಿಹಿಗುಂಬಳ ನಮಗೆ ಸಿಕ್ಕಿತು. ನಿಜ ಹೇಳಬೇಕೆಂದರೆ ಈ ಉಂಡೆ ಶಿಲಾಯುಗದ್ದಲ್ಲ, ರೈತರದ್ದು. ನಿನ್ನ ಪಥ್ಯದ ಪಟ್ಟಿ ಅದನ್ನು ತರಕಾರಿಯೆಂದು ಒಪ್ಪುತ್ತದೆ, ನನಗೂ ಅದರಲ್ಲಿ ತಕರಾರಿಲ್ಲ. ಆದರೆ ಬಾಣಲೆಯ ಮುಂದೆ ನಿಂತು ಆ ಸಿಹಿಯನ್ನು ನಾಲಿಗೆಗೆ ಹಚ್ಚಿಕೊಂಡಾಗ, ಕಹಿಯಿಂದ ಇಲ್ಲಿಯವರೆಗೆ ಅದನ್ನು ತಂದ ಹೆಸರಿಲ್ಲದ ಕೈಗಳನ್ನು ನೆನೆದೆ. ನಿನಗೂ ಹೇಳಬೇಕೆನ್ನಿಸಿತು.

ಆ ಕಹಿಯ ಹೆಸರು ಕುಕುರ್ಬಿಟಾಸಿನ್. ಅಪರೂಪಕ್ಕೆ ಇಂದಿನ ಕಾಯಿಯಲ್ಲೂ ಅದು ಮತ್ತೆ ತಲೆಯೆತ್ತುತ್ತದೆ, ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿಯಾಗುವಷ್ಟು ಕಾಡುತ್ತದೆ. ಹೆಚ್ಚುವ ಮೊದಲು ಒಂದು ಸಣ್ಣ ಚೂರನ್ನು ನಾಲಿಗೆಯ ತುದಿಗೆ ಮುಟ್ಟಿಸು. ಕಹಿಯಿದ್ದರೆ ಉಗುಳಿ, ಇಡೀ ಕಾಯಿಯನ್ನು ಎಸೆದುಬಿಡು. ಖರ್ಜೂರ ಹಾಕಿ ಮುಚ್ಚಿಹಾಕುತ್ತೇನೆ ಎನ್ನಬೇಡ.

ಎಷ್ಟು ತಿನ್ನಬಹುದು? ಸಾಮಗ್ರಿಗಳ ಲೆಕ್ಕ ಹಾಕಿದರೆ ಒಂದು ಉಂಡೆಯಲ್ಲಿ ಸುಮಾರು 80 ಕ್ಯಾಲೊರಿ. ಅದರಲ್ಲಿ ಹೆಚ್ಚಿನದು ಬಾದಾಮಿ, ಕೊಬ್ಬರಿ ಮತ್ತು ಎಣ್ಣೆಯಿಂದ ಬಂದದ್ದು. ಕುಂಬಳದ ಪಾಲು ತೀರಾ ಸಣ್ಣದು. ಆ ಕೊಬ್ಬು ದಂಡವಲ್ಲ. ಕುಂಬಳಕ್ಕೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಕೊಬ್ಬಿನ ಜೊತೆ ಹೋದಾಗಲೇ ದೇಹಕ್ಕೆ ಚೆನ್ನಾಗಿ ಸೇರುತ್ತದೆ, ಅಲ್ಲಿ ವಿಟಮಿನ್ ಎ ಆಗುತ್ತದೆ. ರಾತ್ರಿಗೆ ಎರಡು ಉಂಡೆ ಸಾಕು. ಸಕ್ಕರೆ ಹಾಕಿಲ್ಲವೆಂದರೆ ಸಿಹಿ ಲೆಕ್ಕಕ್ಕಿಲ್ಲವೆಂದಲ್ಲ. ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ನಿನ್ನ ಅಣ್ಣನಿಗೆ ಮಧುಮೇಹವಿದೆ ಎಂದಿದ್ದೆ. ಅವರಿಗೆ ಕೊಡುವ ಮೊದಲು ಅವರ ಊಟದ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಲು ಹೇಳು. ಬಾದಾಮಿ ಒಗ್ಗದವರು ಮನೆಗೆ ಬಂದರೆ ತಪ್ಪದೆ ತಿಳಿಸು, ನೋಡಿದರೆ ಅದು ಒಳಗಿದೆ ಎಂದು ಗೊತ್ತಾಗುವುದಿಲ್ಲ.

ಬೀಜಗಳನ್ನು ತೊಳೆದು, ಒರೆಸಿ, ತಟ್ಟೆಯಲ್ಲಿ ಹರಡಿ ಒಣಗಿಸಿಡು. ಒಣಗಿದ ಮೇಲೆ ಬಾಣಲೆಯಲ್ಲಿ ಹುರಿದು, ಸಿಪ್ಪೆ ಬಿಡಿಸಿ, ಒರಟಾಗಿ ಕುಟ್ಟಿ ಮುಂದಿನ ಸಲದ ಉಂಡೆಗಳನ್ನು ಅದರಲ್ಲಿ ಹೊರಳಿಸು. ನನ್ನವು ಇನ್ನೂ ಕಿಟಕಿಯ ಬಳಿ ಒಣಗುತ್ತಿವೆ.

ಈ ಶನಿವಾರ ಮಾಡು. ಬಾಣಲೆಯಲ್ಲಿ ಗೆರೆ ನಿಲ್ಲುವವರೆಗೆ ಕಾಯು. ಶುಂಠಿ ಹೆಚ್ಚಾಯಿತೇ, ಉಂಡೆ ಎಷ್ಟು ಗಟ್ಟಿಯಾಯಿತು, ಎಲ್ಲವನ್ನೂ ಬರೆ.

ನಿನ್ನ
ಗೆಳೆಯ