ನಿನ್ನ ಐದು ವೋಲ್ಟ್ ಐದಿಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿ,

ಯುಪಿಎಸ್ ಬ್ಯಾಟರಿಯ ವೋಲ್ಟೇಜ್ ಅಳೆಯಲು ನೀನು ಕಟ್ಟಿದ ಸರ್ಕ್ಯೂಟಿನ ಎರಡೂ ಫೋಟೊ ನೋಡಿದೆ. ಯುಪಿಎಸ್ ಬ್ಯಾಟರಿ ಅದೇ, ಆರ್ಡುಯಿನೊ ಊನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡೂ ಅದೇ. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ 13.2 ವೋಲ್ಟ್, ಮೊಬೈಲ್ ಚಾರ್ಜರಿಗೆ ಹಾಕಿದರೆ 12.4. ಮಲ್ಟಿಮೀಟರ್ ಮಾತ್ರ ಎರಡು ಸಲವೂ 12.6 ತೋರಿಸಿದೆ. ಕೋಡಿನಲ್ಲಿ ತಪ್ಪು ಹುಡುಕುತ್ತಾ ನಿದ್ದೆ ಕೆಡಿಸಿಕೊಳ್ಳಬೇಡ. ಪೂರ್ತಿ ಓದಿದೆ, ಲೆಕ್ಕ ಸರಿಯಾಗೇ ಇದೆ. ಅದರಲ್ಲಿ ಬೋರ್ಡಿನ ಸಪ್ಲೈ 5.0 ಅಂತ ಬರೆದಿದ್ದೀಯಲ್ಲ, ತಪ್ಪಿರುವುದು ಅದೊಂದೇ.

ಪಿನ್ನಿಗೆ ಬಂದ ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್ಪಿನ ಭಾಗವೇ ಎಡಿಸಿ. ಅದಕ್ಕೆ ವೋಲ್ಟ್ ಅಂದರೆ ಏನೂ ಗೊತ್ತಿಲ್ಲ. ಪಿನ್ನಿಗೆ ಬಂದದ್ದು ರೆಫರೆನ್ಸಿನ, ಅಂದರೆ ಹೋಲಿಕೆಗೆ ಇಟ್ಟುಕೊಂಡ ವೋಲ್ಟೇಜಿನ, 1024 ಪಾಲಿನಲ್ಲಿ ಎಷ್ಟು ಪಾಲು ಅಂತ ಅಷ್ಟೇ ಅದು ಹೇಳುವುದು. ನೀನಾಗಿ ಬೇರೆ ಏನೂ ಸೂಚಿಸದಿದ್ದರೆ ಊನೊ ತನಗೆ ಬರುವ ಸಪ್ಲೈಯನ್ನೇ ರೆಫರೆನ್ಸ್ ಮಾಡಿಕೊಳ್ಳುತ್ತದೆ. ಯುಎಸ್‌ಬಿಯಿಂದ ಬರುವ ಸಪ್ಲೈ ಕೇಬಲ್ಲಿನಲ್ಲಿ ಒಂದಿಷ್ಟು, ಬೋರ್ಡಿನ ಫ್ಯೂಸಿನಲ್ಲಿ ಒಂದಿಷ್ಟು ಕಳೆದುಕೊಂಡೇ ಚಿಪ್ಪಿಗೆ ತಲುಪುತ್ತದೆ. ತೂಕದ ಕಲ್ಲು ಸವೆದಿದ್ದರೆ ಅಕ್ಕಿ ಇದ್ದದ್ದಕ್ಕಿಂತ ಹೆಚ್ಚು ತೂಗುತ್ತದಲ್ಲ, ಇಲ್ಲೂ ಹಾಗೇ ಆಗಿದೆ. 12.6 ಇರುವುದು 13.2 ಅಂತ ಕಾಣಬೇಕಾದರೆ ನಿನ್ನ 5 ವೋಲ್ಟ್ ಪಿನ್ನಿನಲ್ಲಿ ಸುಮಾರು 4.77 ಇರಬೇಕು. 12.4 ಕಾಣಬೇಕಾದರೆ 5.08. ಎರಡೂ ಸಲ ಆ ಪಿನ್ನಿಗೆ ಮೀಟರ್ ಹಿಡಿದು ನೋಡಿ ನನಗೆ ಬರೆ.

ಅರ್ಧ ವೋಲ್ಟಿಗೇನು ಮಹಾ ಅನ್ನಬೇಡ. ಲೆಡ್ ಆಸಿಡ್ ಬ್ಯಾಟರಿ ಸುಮ್ಮನಿದ್ದಾಗ ತುಂಬಿದ್ದರೆ 12.7ರ ಆಸುಪಾಸು, ಅರ್ಧ ಇಳಿದಿದ್ದರೆ 12.2, 12.0ಕ್ಕೆ ಬಂದರೆ ಉಳಿದಿರುವುದು ಕಾಲು ಭಾಗ. ತುಂಬಿದ್ದಕ್ಕೂ ಬರಿದಾಗಿದ್ದಕ್ಕೂ ಇರುವ ಅಂತರ ಒಂದು ವೋಲ್ಟ್ ಕೂಡ ಇಲ್ಲ. ಕರೆಂಟ್ ಹೋದಾಗ ಫ್ಯಾನ್ ಎಷ್ಟು ಹೊತ್ತು ತಿರುಗುತ್ತದೆ ಅಂತ ತಿಳಿಯುವುದಕ್ಕೆ ತಾನೇ ಇದನ್ನು ಮಾಡುತ್ತಿರುವುದು? 0.8 ವೋಲ್ಟ್ ಆಚೀಚೆ ಆಗುವ ಮೀಟರಿನಿಂದ ಅದು ಯಾವತ್ತೂ ತಿಳಿಯುವುದಿಲ್ಲ.

ನಿನ್ನ ಊನೊದಲ್ಲಿರುವ ಎಟಿಮೆಗಾ328ಪಿ ಚಿಪ್ಪಿನೊಳಗೇ 1.1 ವೋಲ್ಟಿನ ಒಂದು ರೆಫರೆನ್ಸ್ ಇದೆ. ಸೆಟಪ್‌ನಲ್ಲಿ ಅನಲಾಗ್ ರೆಫರೆನ್ಸನ್ನು ಇಂಟರ್ನಲ್ ಅಂತ ಮಾಡು. ಲ್ಯಾಪ್‌ಟಾಪ್ ಇರಲಿ, ಚಾರ್ಜರ್ ಇರಲಿ, ಅದು ಹೆಚ್ಚುಕಡಿಮೆ ಕದಲುವುದಿಲ್ಲ. ಆದರೆ ಹೆಸರಿಗೆ 1.1 ಅಷ್ಟೇ. ಚಿಪ್ ಮಾಡಿದವರು ಕೊಡುವ ಡೇಟಾಶೀಟ್ ಪ್ರಕಾರ 1.0ರಿಂದ 1.2ರವರೆಗೆ ಎಷ್ಟಾದರೂ ಇರಬಹುದು, ಚಿಪ್ಪಿನಿಂದ ಚಿಪ್ಪಿಗೆ ಬೇರೆ. ನಿನ್ನದು ಎಷ್ಟು ಅಂತ ಬೋರ್ಡಿನಲ್ಲಿ ಆ ರೆಫರೆನ್ಸ್ ಸಿಗುವ ಎಆರ್‌ಇಎಫ್ ಪಿನ್ನಿನಲ್ಲಿ ಅಳೆದು ಆ ಸಂಖ್ಯೆಯನ್ನೇ ಕೋಡಿಗೆ ಹಾಕು. ಆ ಪಿನ್ನಿಗೆ ಹೊರಗಿನಿಂದ 5 ವೋಲ್ಟೋ 3.3 ವೋಲ್ಟೋ ಕೊಟ್ಟುಬಿಟ್ಟೀಯ, ಒಳಗಿನ ರೆಫರೆನ್ಸಿಗೂ ಅದಕ್ಕೂ ಶಾರ್ಟ್ ಆಗಿ ಚಿಪ್ ಹೋಗಬಹುದು. ರೆಫರೆನ್ಸ್ ಬದಲಿಸಿದ ಮೇಲೆ ಮೊದಲ ಕೆಲವು ರೀಡಿಂಗ್ ಬಿಟ್ಟುಬಿಡು, ಸರಿ ಇರುವುದಿಲ್ಲ.

ಬ್ಯಾಟರಿಯ ವೋಲ್ಟೇಜನ್ನು ಪಿನ್ನಿಗೆ ತಕ್ಕಷ್ಟು ಇಳಿಸುವ ಎರಡು ರೆಸಿಸ್ಟರಿನ ಡಿವೈಡರ್ ಈಗ 20ಕೆ, 10ಕೆ (ಕೆ ಅಂದರೆ ಕಿಲೋಓಮ್) ಇದೆಯಲ್ಲ, ಅದು ಇದಕ್ಕೆ ನಡೆಯುವುದಿಲ್ಲ, ಪಿನ್ನಿಗೆ 1.1ಕ್ಕಿಂತ ಹೆಚ್ಚು ಬಂದುಬಿಡುತ್ತದೆ. ಬ್ಯಾಟರಿ ಕಡೆಗೆ 100ಕೆ, ಗ್ರೌಂಡ್ ಕಡೆಗೆ 6.8ಕೆ ಹಾಕು, ಎರಡೂ ಒಂದು ಪರ್ಸೆಂಟಿನವು. ಚಾರ್ಜ್ ಆಗುವಾಗ 14.4 ಬಂದರೂ ಪಿನ್ನಿಗೆ ತಲುಪುವುದು 0.92 ವೋಲ್ಟ್. 12.6 ಇದ್ದರೆ ಎಡಿಸಿ 747ರ ಹತ್ತಿರ ತೋರಿಸಬೇಕು, ನಿನ್ನ ರೆಫರೆನ್ಸ್ ಸರಿಯಾಗಿ 1.1 ಆಗಿದ್ದರೆ. ಬ್ಯಾಟರಿಯಿಂದ ಸದಾ ಎಳೆಯುವುದು 0.12 ಮಿಲಿಆಂಪ್, ಯುಪಿಎಸ್ ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಇನ್ನೂ ಉಳಿಸೋಣ ಅಂತ ಮೆಗಾಓಮ್ ರೆಸಿಸ್ಟರ್ ಹಾಕಲು ಹೋಗಬೇಡ. ಎಡಿಸಿಯ ಒಳಗೆ ಒಂದು ಪುಟ್ಟ ಕೆಪಾಸಿಟರ್ ಇದೆ, ಪ್ರತಿ ರೀಡಿಂಗಿಗೂ ಅದು ತುಂಬಿಕೊಳ್ಳಬೇಕು. ಅದಕ್ಕೇ ಪಿನ್ನಿಗೆ ಕಾಣುವ ರೆಸಿಸ್ಟೆನ್ಸ್ 10 ಕಿಲೋಓಮಿನೊಳಗೆ ಇರಲಿ ಅನ್ನುತ್ತದೆ ಡೇಟಾಶೀಟ್. ನಾನು ಹೇಳಿದ ಜೋಡಿಯಲ್ಲಿ ಅದು ಸುಮಾರು 6.4. ಪಿನ್ನಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದಿರಲಿ, ಇನ್ವರ್ಟರಿನ ಗಲಾಟೆ ಕಡಿಮೆಯಾಗುತ್ತದೆ.

ನಿನ್ನ ಗೆಳತಿ ನೂರು ರೀಡಿಂಗಿನ ಸರಾಸರಿ ತೆಗೆ ಅಂದಳಂತೆ. ತೆಗೆ, ಹದಿನಾರು ಸಾಕು, ಅಂಕಿ ಕುಣಿಯುವುದು ನಿಲ್ಲುತ್ತದೆ. ಆದರೆ ರೆಫರೆನ್ಸೇ ತಪ್ಪಿದ್ದರೆ ಸರಾಸರಿಯೂ ಅಷ್ಟೇ ತಪ್ಪಿರುತ್ತದೆ, ಇದನ್ನು ಲ್ಯಾಬಿನಲ್ಲಿ ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. 1023ರಿಂದ ಭಾಗಿಸಬೇಕೋ 1024ರಿಂದಲೋ ಅಂತ ಕೇಳಿದ್ದೀಯ. ಈ ಬ್ಯಾಟರಿಯಲ್ಲಿ ವ್ಯತ್ಯಾಸ 12 ಮಿಲಿವೋಲ್ಟ್, ಆಮೇಲೆ ನೋಡಿಕೊಂಡರಾಯಿತು. ಎಡಿಸಿಯ ಒಂದು ಮೆಟ್ಟಿಲೇ ಬ್ಯಾಟರಿ ಕಡೆ 17 ಮಿಲಿವೋಲ್ಟ್ ಆಗುತ್ತದೆ. ಹಾಗಾಗಿ ಡಿಸ್‌ಪ್ಲೇಯಲ್ಲಿ ದಶಮಾಂಶದ ಮೇಲೆ ಎರಡೇ ಅಂಕಿ ತೋರಿಸು, ಮೂರನೆಯದು ಸುಳ್ಳು.

ಎಲ್ಲ ಜೋಡಿಸಿದ ಮೇಲೆ ಬ್ಯಾಟರಿ ಟರ್ಮಿನಲ್ಲಿಗೇ ಮೀಟರ್ ಹಿಡಿದು, ಅದರ ಓದನ್ನು ನಿನ್ನ ಓದಿನಿಂದ ಭಾಗಿಸು. ಬಂದ ಸಂಖ್ಯೆಯಿಂದ ಇನ್ನು ಮುಂದೆ ಗುಣಿಸಿದರೆ ಎರಡು ರೆಸಿಸ್ಟರ್ ಮತ್ತು ರೆಫರೆನ್ಸಿನ ಅಲ್ಪಸ್ವಲ್ಪ ತಪ್ಪು ಒಟ್ಟಿಗೇ ಹೋಗುತ್ತದೆ. ಮೀಟರನ್ನೂ ಕಣ್ಣುಮುಚ್ಚಿ ನಂಬಬೇಡ. ಅರ್ಧ ಪರ್ಸೆಂಟ್ ಮೀಟರ್ ಅಂದರೆ 12.6ರಲ್ಲಿ 0.06 ವೋಲ್ಟ್ ಆಚೀಚೆ. ಹಬ್ಬಕ್ಕೆ ಬರುವಾಗ ಬೋರ್ಡು, ಮೀಟರ್ ಎರಡೂ ತಾ, ನಮ್ಮ ಲ್ಯಾಬಿನ ಬೆಂಚ್ ಮೀಟರಿಗೆ ಹೋಲಿಸೋಣ.

ಚಾರ್ಜ್ ಮುಗಿದ ತಕ್ಷಣ ಅಳೆದರೆ ವೋಲ್ಟೇಜ್ ಏರಿಯೇ ಇರುತ್ತದೆ, ಲೋಡ್ ಇದ್ದರೆ ಇಳಿದಿರುತ್ತದೆ. ಎಷ್ಟು ತುಂಬಿದೆ ಅಂತ ತಿಳಿಯಬೇಕಾದರೆ ಯುಪಿಎಸ್ಸಿನ ಪ್ಲಗ್ ತೆಗೆದು, ಸ್ವಿಚ್ ಆಫ್ ಮಾಡಿ, ಕೆಲವು ಗಂಟೆ ಬಿಟ್ಟು ನೋಡು.

ವೈರ್ ಎಳೆಯುವ ಮುಂಚೆ ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಸಣ್ಣ ಫ್ಯೂಸ್ ಹಾಕು, ಅರ್ಧ ಆಂಪಿನದು ಸಾಕು. ಕೈಬಳೆ, ಉಂಗುರ ತೆಗೆದಿಡು. ಹನ್ನೆರಡು ವೋಲ್ಟ್ ಶಾಕ್ ಹೊಡೆಯದಿದ್ದರೂ ಆ ಬ್ಯಾಟರಿ ಎರಡು ಟರ್ಮಿನಲ್ ನಡುವೆ ಸಿಕ್ಕಿದ ಬಳೆಯನ್ನು ಕ್ಷಣದಲ್ಲಿ ಕೆಂಪಗೆ ಕಾಯಿಸಿಬಿಡುತ್ತದೆ. ಇದೊಂದನ್ನು ಮಾತ್ರ ಮರೆಯಬೇಡ ಕಣೇ. ಫ್ಯೂಸ್ ಹಾಕಿದ ಮೇಲೆ ಫೋಟೊ ಕಳಿಸು.

ನಿನ್ನ
ಅಮ್ಮ