ನೀಲಗಿರಿ ಅಂದರೆ ಯಾವ ನೀಲಗಿರಿ, ತಂಗೀ?

ತಂಗೀ,

ನಿನ್ನ ಕಥೆ ಓದಿದೆ, ಎರಡು ಸಲ. ಮೊದಲ ಸಾಲು ‘ನೀಲಗಿರಿಯ ನೆರಳಲ್ಲಿ ತಾತ ಕುರಿ ಮೇಯಿಸುತ್ತಿದ್ದರು’ ಅಂತ ಇದೆ. ನಾನು ಕೋಲಾರದ ಕಡೆಯವಳು. ನೀಲಗಿರಿ ಅಂದ ಕೂಡಲೇ ನನ್ನ ಕಣ್ಣಿಗೆ ಬರೋದು ಮರ. ಊರಾಚೆ ತೋಪು, ಸಿಪ್ಪೆ ಸುಲಿದ ನುಣ್ಣನೆ ಕಾಂಡ, ಹಂಡೆ ಒಲೆಗೆ ಅಂತ ಗುಡಿಸಿ ತರುತ್ತಿದ್ದ ಒಣ ಎಲೆ, ಬುಗುರಿ ಥರ ತಿರುಗಿಸಿ ಆಡುತ್ತಿದ್ದ ಅದರ ಕಾಯಿ. ಹಾಗಾಗಿ ತಾತನನ್ನು ಆ ತೋಪಿನಲ್ಲೇ ಕೂರಿಸಿ ಓದುತ್ತಾ ಹೋದೆ. ಎರಡನೇ ಪುಟದಲ್ಲಿ ಅವರು ಊಟಿ ಚಳಿಗೆ ಕಂಬಳಿ ಹೊದ್ದುಕೊಂಡರು. ಓ, ಇದು ಬೆಟ್ಟ ಅಂತ ಆಗ ಗೊತ್ತಾಯಿತು. ನಾಲ್ಕನೇ ಪುಟದಲ್ಲಿ ‘ಒಂದು ನೀಲಗಿರಿ ಹಾರಿಹೋಯಿತು’ ಅಂತ ಬಂತು ನೋಡು, ಕನ್ನಡಕ ತೆಗೆದಿಟ್ಟು ಟೀ ಮಾಡಿಕೊಳ್ಳೋಕೆ ಎದ್ದೆ. ಡಬ್ಬಿಯಲ್ಲಿದ್ದದ್ದೂ ನೀಲಗಿರಿ ಟೀನೇ!

ನೀನು ಬರೆದಿದ್ದು ತಪ್ಪಲ್ಲ. ಬೆಟ್ಟ, ಮರ, ಕುರಿ, ಚಿಟ್ಟೆ ಎಲ್ಲಕ್ಕೂ ಆ ಹೆಸರು ಇದೆ. ಆದರೆ ಹೆಸರು ಬರೆದರೆ ವಸ್ತು ತಾನಾಗೇ ಬರುತ್ತೆ ಅಂತ ನಂಬಿಬಿಟ್ಟಿದ್ದೀಯ. ಬರಲ್ಲ. ಓದುವವರು ತಮ್ಮ ಮನೆ ಹಿತ್ತಲಿನ ನೀಲಗಿರಿಯನ್ನೇ ತಂದು ಅಲ್ಲಿ ನೆಡುತ್ತಾರೆ.

ಆಮೇಲೆ ಇನ್ನೊಂದು. ಈ ಹೆಸರಿನ ಜಾಡು ಹಿಡಿದು ನೀನು ಸ್ವಲ್ಪವೂ ಹೋಗಿಲ್ಲ, ಅಲ್ವಾ? ಹೋಗಿದ್ದರೆ ಇನ್ನೂ ಎರಡು ಕಥೆ ಸಿಗುತ್ತಿತ್ತು. ಬೆಟ್ಟದ ಹೆಸರು ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ, ಅಲ್ಲಿನ ಬೆಟ್ಟದ ಜನರಾದ ತೋಡರನ್ನು ಹೆದರಿಸಿ ನೀಲ ಬೆಟ್ಟ ಹಿಡಿದ ಅಂತ ಚಾಮರಾಜನಗರದ 1117ರ ಶಾಸನ ಹೇಳುತ್ತೆ. ಮರ ಬಂದಿದ್ದು ಆಸ್ಟ್ರೇಲಿಯಾದಿಂದ. ಟಿಪ್ಪು ಕಾಲದಲ್ಲೇ, 1790ರ ಸುಮಾರಿಗೆ, ನಮ್ಮ ನಂದಿಬೆಟ್ಟದಲ್ಲಿ ನೆಟ್ಟಿದ್ದರು ಅಂತಾರೆ. ನೀಲಗಿರಿ ಬೆಟ್ಟಕ್ಕೆ ಅದು ಹೋಗಿದ್ದು 1843ರಲ್ಲಿ. ನಂದಿಮರ ಅನ್ನಬಹುದಿತ್ತು, ಯಾರೂ ಅನ್ನಲಿಲ್ಲ.

ಕುರಿ ಕಥೆ ಇನ್ನೂ ಮಜವಾಗಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಕೊಯಮತ್ತೂರು ಕಡೆಯ ಕುರಿಗೆ ಟಾಸ್ಮೇನಿಯಾದ ಮೆರಿನೊ, ಇಂಗ್ಲೆಂಡ್ ಕಡೆಯ ಚೆವಿಯಟ್, ಸೌತ್‌ಡೌನ್ ಎಲ್ಲ ಸೇರಿಸಿ ಆದ ತಳಿ ಅದು. ಬಿಳಿ ಮೈ, ನಯವಾದ ಉಣ್ಣೆ. ಈಗ ತುಂಬಾ ಕಡಿಮೆಯಾಗಿದೆ, ಊಟಿ ಹತ್ತಿರದ ಸ್ಯಾಂಡಿನಲ್ಲಾದ ಕುರಿ ಸಂಶೋಧನಾ ಕೇಂದ್ರದಲ್ಲಿ ಸಾಕಿ ಉಳಿಸುತ್ತಿದ್ದಾರೆ. ಈಗ ನೋಡು, ಊಟಿ ಎತ್ತರದಲ್ಲಿ ಬೆಳೆಸಿದ ನೀಲಗಿರಿ ಜಾತಿ, ಗ್ಲೋಬ್ಯುಲಸ್ ಅನ್ನೋದು, ಅದರ ತವರೂ ಟಾಸ್ಮೇನಿಯಾನೇ. ಅಂದರೆ ನಿನ್ನ ತಾತ ಊಟಿಯಲ್ಲಿ ಮರಕ್ಕೆ ಒರಗಿ ಕೂತು ಕುರಿ ಕಾಯುತ್ತಿದ್ದರೆ, ಹಿಂದಿನ ಮರಕ್ಕೂ ಮುಂದಿನ ಕುರಿಗೂ ಒಂದೇ ದೂರದ ದ್ವೀಪದ ನೆಂಟು. ಅವರಿಗೆ ಅದು ಗೊತ್ತಿರಲಿಲ್ಲ. ಕಥೆ ಬರೆಯೋ ನಿನಗೆ ಗೊತ್ತಿರಬೇಕು.

ಚಿಟ್ಟೆ ಮಾತ್ರ ನಿಜವಾಗಿ ಅಲ್ಲಿಯದೇ. ನೀಲಗಿರಿ ಟೈಗರ್ ಅಂತ. ಪಶ್ಚಿಮ ಘಟ್ಟದ ಎತ್ತರದ ಶೋಲಾ ಕಾಡು ಬಿಟ್ಟರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಕಪ್ಪುಗಂದು ರೆಕ್ಕೆ, ಮೇಲೆ ಮಾಸಲು ಬಿಳಿ ಗೆರೆ. ನೀನು ಅದನ್ನು ನೀಲಿ ಮಾಡಿದ್ದೀಯ! ಹೆಸರು ನೋಡಿ ಬಣ್ಣ ಹಚ್ಚಿದ್ದು ಅದು, ಚಿಟ್ಟೆ ನೋಡಿ ಅಲ್ಲ.

(ಹೆಸರನ್ನು ನಂಬಿ ಕೆಟ್ಟವರಲ್ಲಿ ನೀನೇ ಮೊದಲಲ್ಲ ಬಿಡು. ನೀಲಗಿರಿ ಥಾರ್ ಅಂತ ಪ್ರಾಣಿ ಇದೆ, ತಮಿಳಿನಲ್ಲಿ ವರೆಯಾಡು, ಅಂದರೆ ಬಂಡೆಯ ಆಡು. ಹಿಮಾಲಯದ ಥಾರ್‌ಗೆ ದಾಯಾದಿ ಅಂತ ಎಲ್ಲರೂ ಅಂದುಕೊಂಡಿದ್ದರು. 2005ರಲ್ಲಿ ವಂಶವಾಹಿ ಪರೀಕ್ಷೆ ಮಾಡಿದರೆ ಅದು ಕುರಿಗಳಿಗೆ ಹತ್ತಿರದ್ದು ಅಂತ ಬಂತು.)

ನನಗೂ ಇದರಲ್ಲಿ ಏಟು ಬಿದ್ದಿದೆ. ಹೊಸದಾಗಿ ಬರೆಯೋಕೆ ಶುರು ಮಾಡಿದ್ದಾಗ ಒಂದು ವಾರಪತ್ರಿಕೆ ಕಥೆಯಲ್ಲಿ ನೀಲಗಿರಿ ತೋಪಿನಡಿ ಹಚ್ಚಗೆ ಹುಲ್ಲು ಹಾಸಿಸಿ, ಅದರ ಮೇಲೆ ನಾಯಕಿಯನ್ನು ಮಲಗಿಸಿದ್ದೆ. ಹದಿನೈದು ದಿನಕ್ಕೆ ಒಂದು ಕಾರ್ಡ್ ಬಂತು. ‘ಅಮ್ಮಾ, ಯಾವ ತೋಪಿನಲ್ಲಿ ಹುಲ್ಲು ನೋಡಿದಿರಿ?’ ಅಷ್ಟೇ, ಕೆಳಗೆ ರುಜು. ಆ ತೋಪಿನ ಪಕ್ಕದಲ್ಲೇ ಬೆಳೆದವಳು ನಾನು. ಅಲ್ಲಿ ಹುಲ್ಲು ಸರಿಯಾಗಿ ಬರಲ್ಲ, ದನ ಕುರಿ ಆ ಸೊಪ್ಪಿಗೆ ಬಾಯಿ ಹಾಕಲ್ಲ, ಕಾವಲಿನ ಖರ್ಚಿಲ್ಲ ಅಂತಾನೇ ನಮ್ಮ ಕಡೆಯ ರೈತರು ಹೊಲಕ್ಕೆಲ್ಲ ಅದನ್ನೇ ಹಾಕಿದ್ದು. ಅಂತರ್ಜಲ ಬತ್ತುತ್ತೆ ಅಂತ 2017ರಲ್ಲಿ ಸರ್ಕಾರ ಹೊಸದಾಗಿ ನೆಡೋದನ್ನೇ ನಿಷೇಧಿಸಿತು. ಎಲ್ಲ ಕಣ್ಣಾರೆ ನೋಡಿದ್ದೆ, ಬರೆಯುವಾಗ ಮಾತ್ರ ‘ತೋಪು’ ಅನ್ನೋ ಪದದ ಜೊತೆ ಹುಲ್ಲು ಸುಮ್ನೆ ಬಂದುಬಿಟ್ಟಿತು.

ಹಾಗಂತ ಎಲ್ಲ ಕಡೆ ‘ನೀಲಗಿರಿ ಬೆಟ್ಟ’, ‘ನೀಲಗಿರಿ ಮರ’ ಅಂತ ಬಾಲ ಅಂಟಿಸಬೇಡ, ಪಠ್ಯಪುಸ್ತಕ ಆಗುತ್ತೆ. ದೊಡ್ಡಬೆಟ್ಟದಿಂದ ಮಂಜು ಇಳಿಯೋದರೊಳಗೆ ತಾತ ಕುರಿ ಹೊಡೆದುಕೊಂಡು ಬರುತ್ತಿದ್ದರು ಅಂತ ಬರೆ, ಬೆಟ್ಟ ಬಂತು. ನೀಲಗಿರಿಯ ಅತಿ ಎತ್ತರದ ಶಿಖರ, 2,637 ಮೀಟರ್ ಅಂತ ಹೇಳೋದೂ ಬೇಡ. ಅದು ಕನ್ನಡದ ಕಿವಿಗೇ ಅರ್ಥವಾಗೋ ಹೆಸರು. ಅಲ್ಲಿನ ಬಡಗರ ಮಾತು ನಮ್ಮದಕ್ಕೆ ಎಷ್ಟು ಹತ್ತಿರ ಅಂತ ನಿನ್ನ ತಾತನಿಗೂ ಗೊತ್ತಿದ್ದಿರಬೇಕು.

ಗೊಂದಲ ಪೂರ್ತಿ ತೆಗಿ ಅಂತಲೂ ನಾನು ಹೇಳಲ್ಲ. ಅದನ್ನು ನಿನ್ನ ಕಥೆಯ ಮೊಮ್ಮಗನಿಗೆ ಕೊಡು. ಬೆಂಗಳೂರಿನ ಹುಡುಗ, ನೆಗಡಿ ಆದಾಗ ಅಮ್ಮ ಕರ್ಚೀಫಿಗೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿ ಕೊಡುತ್ತಾಳೆ. ‘ತಾತ ನೀಲಗಿರಿಯಲ್ಲಿದ್ದಾರೆ’ ಅಂದರೆ ಅವನು ಆ ಸಣ್ಣ ಬಾಟಲಿಯೊಳಗೆ ಇಣುಕಲಿ. ಆರನೇ ಪುಟದಲ್ಲಿ ಇದಕ್ಕೆ ಜಾಗ ಇದೆ, ಆ ಬಸ್ ಪ್ರಯಾಣದ ವರ್ಣನೆ ಜಾಸ್ತಿಯಾಯಿತು, ಅದನ್ನು ಕತ್ತರಿಸು.

ಕುರಿ ಬಗ್ಗೆ ನಿನ್ನ ಅಜ್ಜಿಯನ್ನು ಕೇಳು. ಉಣ್ಣೆ ಯಾವ ತಿಂಗಳು ಕತ್ತರಿಸುತ್ತಿದ್ದರು, ಕತ್ತರಿ ಎಲ್ಲಿ ಸಿಕ್ಕಿಸಿರುತ್ತಿದ್ದರು, ಕೈಗೆ ಜಿಡ್ಡು ಅಂಟುತ್ತಿತ್ತಾ ಅಂತ. ಗುರುವಾರದೊಳಗೆ ಕಳಿಸಿದರೆ ಊರಿಗೆ ಹೊರಡೋ ಮೊದಲು ಓದುತ್ತೇನೆ.

ನಿನ್ನ ಅಕ್ಕ